ಬಕ್‌ಹೆಡ್‌ನ ಮೂರನೆಯವನು

ಬಕ್‌ಹೆಡ್‌ನಲ್ಲಿ ನಮ್ಮ ಕ್ಲೈಂಟ್ ಒಬ್ಬರ ಆಫೀಸಿದೆ. ವರ್ಷದ ಲೆಕ್ಕ ಮುಗಿಸುವ ದಿನಗಳಲ್ಲಿ ಜಾನ್ಸ್ ಕ್ರೀಕ್‌ನಿಂದ ಅಲ್ಲಿಗೆ ದಿನಾ ಹೋಗಿ ಬರಬೇಕು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು, ಹುಟ್ಟಿ ಬೆಳೆದದ್ದೆಲ್ಲ ಅಟ್ಲಾಂಟಾದಲ್ಲೇ, ಕಿಟಕಿಯ ಕೆಳಗಿನ ಏರುತಗ್ಗಿನ ರಸ್ತೆಗಳ ಕಡೆ ಕೈ ತೋರಿಸಿ ಹಳೆಯ ನೆನಪು ತೆಗೆದರು. 1996ರ ಒಲಿಂಪಿಕ್ಸ್‌ನ ಸೈಕಲ್ ರೇಸು ನಡೆದದ್ದು ಈ ಕಡೆಯ ರಸ್ತೆಗಳಲ್ಲೇ ಅಂತೆ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿದ್ದರಂತೆ.

‘ಗೆದ್ದವನು ಸ್ವಿಟ್ಜರ್ಲೆಂಡಿನವನು. ಮೂರನೆಯವನ ಕಥೆಯೇ ತಮಾಷೆ. ಬ್ರಿಟನ್ನಿನ ಅಂಗಿ ತೊಟ್ಟಿದ್ದ ಇಟಲಿಯವನು. ಅಂಗಡಿಗೆ ಹೋಗಿ ತನಗೆ ಹೊಂದುವ ಬಾವುಟ ಆರಿಸಿಕೊಂಡ ಹಾಗೆ,’ ಎಂದರು.

ನಾನೂ ಅವರ ಜೊತೆ ನಕ್ಕೆ. ಅಮೆರಿಕದ ಪೌರತ್ವಕ್ಕೆ ನಾನು ಅರ್ಜಿ ಹಾಕಿದ್ದು ಅದೇ ವಾರ. ಅದು ಅವರಿಗೆ ಗೊತ್ತಿರಲಿಲ್ಲ. ಹೇಳಬಹುದಿತ್ತು, ಹೇಳಲಿಲ್ಲ.

ಆ ರಾತ್ರಿ ಮನೆಗೆ ಬಂದು ಆ ಮೂರನೆಯವನು ಯಾರೆಂದು ಹುಡುಕಿ ಓದಿದೆ. ಸೈಕಲ್ ರೇಸಿನ ಬಗ್ಗೆ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಅದರಲ್ಲಿ ಗಟ್ಟಿಗರು ಎಂಬುದಷ್ಟೇ. ಇವನ ಹೆಸರು ಮ್ಯಾಕ್ಸ್ ಶಾಂದ್ರಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ಇದ್ದ ಹಾಗೇ ಓದಿದರೆ ಬೇರೇನೋ ಆಗುತ್ತದೆ. ನನ್ನ ಹೆಸರಿಗೂ ಇಲ್ಲಿ ದಿನಾ ಅದೇ ಗತಿ ಆಗುವುದರಿಂದ ಅಲ್ಲೇ ಸ್ವಲ್ಪ ಸ್ನೇಹ ಹುಟ್ಟಿತು. ಹುಟ್ಟಿದ್ದು 1967ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಡರ್ಬಿಯಲ್ಲಿ. ಮನೆತನ ಇಟಲಿಯದು. ಬೆಳೆದದ್ದು ಟಸ್ಕನಿಯಲ್ಲಿ, ಸೈಕಲ್ ಕಲಿತದ್ದು, ವೃತ್ತಿಯ ಸವಾರನಾದದ್ದು ಎಲ್ಲ ಇಟಲಿಯವನಾಗಿ. ಜಿರೋ ದಿಟಾಲಿಯಾ ಎಂಬ ಆ ದೇಶದ ದೊಡ್ಡ ಪಂದ್ಯ ಮೂರು ವಾರ ನಡೆಯುತ್ತದೆ. ಅದರಲ್ಲಿ ಒಂದು ದಿನದ ಹಂತ ಗೆದ್ದರೂ ಸವಾರನೊಬ್ಬನ ಬದುಕು ಸಾರ್ಥಕ ಎನ್ನುತ್ತಾರೆ. ಇವನು ಅಂಥ ಹಂತಗಳನ್ನು ಗೆದ್ದವನು. 1992ರಲ್ಲಿ ಟೂರ್ ಆಫ್ ಬ್ರಿಟನ್ ಗೆದ್ದಾಗಲೂ ಇಟಲಿಯವನೇ.

1995ರಿಂದ ಅವನು ಬ್ರಿಟನ್ನಿನ ಹೆಸರಿನಲ್ಲಿ ಸೈಕಲ್ ಓಡಿಸತೊಡಗಿದ. ಆಗ ಅವನಿಗೆ 28 ವರ್ಷ. ಅದೇ ವರ್ಷದ ಟೂರ್ ದ ಫ್ರಾನ್ಸ್‌ನಲ್ಲಿ ಜುಲೈ 13ರಂದು ಸಾಂತ್ ಎತಿಯೆನ್ ಊರಿನ ಹಂತ ಗೆದ್ದ. ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದ ವಿಶ್ವಕಪ್ ರೇಸನ್ನೂ ಗೆದ್ದ. ಮರುವರ್ಷ ಅಟ್ಲಾಂಟಾ. ರಸ್ತೆ ಸೈಕ್ಲಿಂಗ್‌ನಲ್ಲಿ ವೃತ್ತಿಪರ ಸವಾರರನ್ನು ಒಲಿಂಪಿಕ್ಸ್‌ಗೆ ಮೊದಲ ಬಾರಿ ಬಿಟ್ಟದ್ದು ಆ ವರ್ಷವೇ. ಜುಲೈ 31ರಂದು, ಸೆಂಟೆನಿಯಲ್ ಪಾರ್ಕಿನಲ್ಲಿ ಬಾಂಬ್ ಸಿಡಿದ ನಾಲ್ಕು ದಿನಕ್ಕೆ, ಬಕ್‌ಹೆಡ್‌ನ ರಸ್ತೆಗಳಲ್ಲಿ ಸುತ್ತಿದ್ದನ್ನೇ ಸುತ್ತುತ್ತ ಸುಮಾರು 220 ಕಿಲೋಮೀಟರ್. ಕೊನೆಗೆ ಮೂವರು ಉಳಿದವರಿಂದ ಬೇರ್ಪಟ್ಟು ಮುಂದಾದರು. ಸ್ವಿಟ್ಜರ್ಲೆಂಡಿನ ಪಾಸ್ಕಲ್ ರಿಷಾರ್ ಚಿನ್ನ, ಡೆನ್ಮಾರ್ಕಿನ ರೋಲ್ಫ್ ಸೋರೆನ್ಸೆನ್ ಬೆಳ್ಳಿ, ಶಾಂದ್ರಿಗೆ ಕಂಚು. ನಾಲ್ಕನೆಯವನಾಗಿ ಬಂದ ಅಮೆರಿಕದ ಫ್ರ್ಯಾಂಕಿ ಆಂಡ್ರೂ ವರ್ಷವಿಡೀ ಶಾಂದ್ರಿಯ ಜೊತೆ ಮೊಟೊರೊಲಾ ಎಂಬ ಒಂದೇ ತಂಡಕ್ಕೆ ದುಡಿಯುವವನು. ಆ ಒಂದು ದಿನ ಮಾತ್ರ ಇಬ್ಬರಿಗೂ ಬೇರೆ ಬೇರೆ ದೇಶ. ಇಟಲಿಯವರು ಪುರುಷರ ಆ ರೇಸಿನಲ್ಲಿ ಬರಿಗೈಯಲ್ಲಿ ಹೋದರು.

ಇಟಲಿಯಲ್ಲಿ ಆ ಕಾಲಕ್ಕೆ ಒಳ್ಳೆಯ ಸವಾರರ ಸಾಲೇ ಇತ್ತು, ಒಲಿಂಪಿಕ್ಸ್‌ನಲ್ಲಿ ಒಂದು ದೇಶಕ್ಕೆ ಕೆಲವೇ ಸ್ಥಾನ. ಬ್ರಿಟನ್ನಿನಲ್ಲಿ ಅಷ್ಟು ಪೈಪೋಟಿ ಇರಲಿಲ್ಲ. ಹಾಗಾದರೆ ನನ್ನ ಸಹೋದ್ಯೋಗಿ ಹೇಳಿದ್ದೇ ಸರಿಯೇ? ಲಾಭಕ್ಕಾಗಿ ಬಾವುಟ ಬದಲಿಸುವುದು ಒಂದು ಬಗೆಯ ಮೋಸವೇ? ಮೋಸವಾದರೆ ಮೋಸಹೋದವರು ಯಾರು?

ನನ್ನ ಕಸುಬಿನಲ್ಲಿ ಮೋಸಕ್ಕೆ ಒರಟಾದ ಒಂದು ಗುರುತಿದೆ. ಬಚ್ಚಿಟ್ಟಿದ್ದಾರೆಯೇ ಎಂದು ನೋಡುವುದು. ಕಂಪನಿಯೊಂದು ತನಗೆ ಲಾಭವಾಗುವ ವ್ಯವಹಾರವನ್ನೇ ಮಾಡಿರಬಹುದು, ಮಾಲೀಕನ ಭಾವಮೈದುನನಿಂದಲೇ ಸರಕು ಕೊಂಡಿರಬಹುದು. ಅದನ್ನು ಟಿಪ್ಪಣಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದರೆ ಆಡಿಟರ್ ಸಹಿ ಹಾಕಿ ಎದ್ದು ಬರುತ್ತಾನೆ. ಬರೆಯದಿದ್ದರೆ ತಾನೇ ನಮ್ಮ ತಲೆನೋವು ಶುರುವಾಗುವುದು. ಈ ಅಳತೆಯಲ್ಲಿ ನೋಡಿದರೆ ಶಾಂದ್ರಿಯ ಲೆಕ್ಕ ಸಾಫು. ಡರ್ಬಿಯಲ್ಲಿ ಹುಟ್ಟಿದ್ದು ಸುಳ್ಳಲ್ಲ, ಬದಲಾಯಿಸಿದ್ದು ಗುಟ್ಟಿನಲ್ಲಲ್ಲ. ಆದರೆ ಅದೇ ವೇದಿಕೆಯ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದ ಸೋರೆನ್ಸೆನ್, ತಾನು ಆ ದಶಕದಲ್ಲಿ ನಿಷಿದ್ಧ ಔಷಧಗಳನ್ನು ಬಳಸಿದ್ದಾಗಿ 2013ರಲ್ಲಿ ತಾನೇ ಒಪ್ಪಿಕೊಂಡ. ಅವನ ಅಂಗಿಯ ಬಣ್ಣದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ, ಹುಟ್ಟಿದ ದೇಶಕ್ಕೇ ಓಡಿದವನು. ನಾವು ಬಾವುಟದ ಮೇಲೆ ಕಣ್ಣಿಟ್ಟು ಕೂತಿರುವಾಗ ಮೋಸ ಬೇರೆಲ್ಲೋ ನಡೆದಿರುತ್ತದೆ ಎಂದು ಇದರಿಂದ ವಾದಿಸಬಹುದು. ವಾದ ಚೆನ್ನಾಗಿದೆ. ಆದರೂ ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ನಿಯಮ ಮೀರದೆ, ಏನನ್ನೂ ಬಚ್ಚಿಡದೆ ಮಾಡಿದ ಕೆಲಸವೂ ಮನಸ್ಸಿಗೆ ಸಣ್ಣದಾಗಿ ಕಾಣಬಹುದಲ್ಲ?

ಇಟಲಿಯ ಉದಾಹರಣೆ ದೂರದ್ದಾಯಿತು ಎನ್ನುವವರಿಗೆ ಹತ್ತಿರದ್ದು ಹೇಳುತ್ತೇನೆ. ನಮ್ಮ ಪಕ್ಕದ ಅಲಬಾಮಾ ರಾಜ್ಯದ ಆಬರ್ನ್ ಊರು ನಮಗೆ ಎರಡು ಗಂಟೆ ಚಿಲ್ಲರೆಯ ದಾರಿ. ನೊಸ್ತುಶ್ ಕೆಂಜಿಗೆ ಎಂಬ ಹುಡುಗ ಹುಟ್ಟಿದ್ದು ಅಲ್ಲಿ. ಮನೆಯವರು ಕರ್ನಾಟಕಕ್ಕೆ ವಾಪಸಾದರು. ಚಿಕ್ಕಮಗಳೂರಿನ ಕಾಫಿ ತೋಟ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್, ಅಲ್ಲಿನ ಮೈದಾನಗಳಲ್ಲಿ ಎಡಗೈ ಸ್ಪಿನ್. ಕರ್ನಾಟಕ ತಂಡದ ಬಾಗಿಲು ಎಷ್ಟು ಕಿರಿದು ಎಂಬುದು ಕ್ರಿಕೆಟ್ ನೋಡುವ ಯಾರಿಗೂ ಗೊತ್ತು. 2015ರಲ್ಲಿ ಅಮೆರಿಕಕ್ಕೆ ಮರಳಿದ. 2024ರ ಜೂನ್ 6ರಂದು ಡಲ್ಲಾಸ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿತಲ್ಲ, ಅವತ್ತು 30 ರನ್ ಕೊಟ್ಟು ಮೂರು ವಿಕೆಟ್ ಕಿತ್ತವನು ಇವನೇ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಆ ರಾತ್ರಿ ‘ನಮ್ಮ ಕೆಂಜಿಗೆ’, ‘ನಮ್ಮ ಚಿಕ್ಕಮಗಳೂರು’ ಎಂದು ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. ಬಾವುಟ ಕೊಂಡವನು ಎಂದು ಒಬ್ಬರೂ ಬರೆಯಲಿಲ್ಲ. ಶಾಂದ್ರಿಯದ್ದೂ ಇವನದ್ದೂ ಒಂದೇ ಜಾತಕ: ಹುಟ್ಟು ಒಂದು ಕಡೆ, ಬೆಳೆದದ್ದು ಇನ್ನೊಂದು ಕಡೆ, ಆಡಿದ್ದು ಹುಟ್ಟಿದ ಕಡೆಗೆ.

ಆರು ದಿನ ಬಿಟ್ಟು ಜೂನ್ 12ರಂದು ನ್ಯೂಯಾರ್ಕಿನಲ್ಲಿ ಅಮೆರಿಕಕ್ಕೂ ಭಾರತಕ್ಕೂ ಪಂದ್ಯ. ಕೆಲಸದ ದಿನ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡೇ ಟಿವಿ ನೋಡುತ್ತಿದ್ದೆ. ಮುಂಬೈಯಲ್ಲಿ ಹುಟ್ಟಿ ಬೆಳೆದ ಸೌರಭ್ ನೇತ್ರಾವಲ್ಕರ್ ಎಸೆದ ಚೆಂಡಿಗೆ ವಿರಾಟ್ ಕೊಹ್ಲಿ ಮೊದಲ ಎಸೆತದಲ್ಲೇ ಔಟ್. ನನ್ನ ಬಾಯಿಂದ ‘ಅಯ್ಯೋ’ ಬಂತು. ಬೇಸಿಗೆ ರಜೆಗೆ ಮನೆಯಲ್ಲಿದ್ದ ಮಗಳು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳದು ತಪ್ಪೇನಿಲ್ಲ, ಹುಟ್ಟಿದ ದೇಶಕ್ಕೆ ಚಪ್ಪಾಳೆ ತಟ್ಟಿದ್ದಾಳೆ. ನನ್ನದೂ ತಪ್ಪಲ್ಲ. ಆದರೆ ಇನ್ನು ಸ್ವಲ್ಪ ಕಾಲಕ್ಕೆ ನನ್ನ ಹೆಸರೂ ಅವಳ ಹೆಸರೂ ಒಂದೇ ಬಣ್ಣದ ಪಾಸ್‌ಪೋರ್ಟಿನಲ್ಲಿ ಇರುತ್ತವಲ್ಲ, ಆಗಲೂ ನನ್ನ ಬಾಯಿಂದ ‘ಅಯ್ಯೋ’ ಬಂದರೆ ಅದು ಸುಳ್ಳು ಪ್ರಮಾಣವಾಗುತ್ತದೆಯೇ ಎಂದು ಪಂದ್ಯ ಮುಗಿಯುವವರೆಗೂ ಯೋಚಿಸಿದೆ. ಭಾರತ ಏಳು ವಿಕೆಟ್‌ಗಳಿಂದ ಗೆದ್ದದ್ದು ಆ ದಿನಕ್ಕೆ ಅನುಕೂಲವಾಯಿತು.

ನಮ್ಮ ಕಷ್ಟ ಶಾಂದ್ರಿಯ ಕಷ್ಟಕ್ಕಿಂತ ಒಂದು ಗೇಣು ಹೆಚ್ಚು. ಬ್ರಿಟನ್ ಎರಡು ಪೌರತ್ವಕ್ಕೆ ಅಡ್ಡಿ ಮಾಡುವುದಿಲ್ಲ, ಇಟಲಿಯೂ 1992ರ ಕಾನೂನಿನಲ್ಲಿ ಅದಕ್ಕೆ ಒಪ್ಪಿತು. ಒಂದು ಕೋಟು ಗೂಟಕ್ಕೆ ಹಾಕಿ ಇನ್ನೊಂದು ತೊಡಬಹುದು. ನಮ್ಮ 1955ರ ಪೌರತ್ವ ಕಾಯ್ದೆಯಲ್ಲಿ ಗೂಟವೇ ಇಲ್ಲ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪೌರನಾದ ಕ್ಷಣಕ್ಕೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತದೆ. ಆಮೇಲೆ ಕೊಡುವ ಓಸಿಐ ಕಾರ್ಡನ್ನು ನಾವೆಲ್ಲ ಎದೆಗೆ ಅವಚಿಕೊಳ್ಳುತ್ತೇವಾದರೂ ಅದು ಪೌರತ್ವವಲ್ಲ, ಬಾಳಿಡೀ ನಡೆಯುವ ವೀಸಾ. ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ.

ಹಾಗಿದ್ದೂ ನಾನು ಅರ್ಜಿ ಹಾಕಿದ್ದೇಕೆ? ಅಪ್ಪ ತಿಪಟೂರಿನಲ್ಲಿದ್ದಾರೆ. ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಅಮ್ಮ ಹೋದ ಮೇಲೆ ಒಬ್ಬರೇ. ಎರಡು ಎಕರೆ ತೆಂಗಿನ ತೋಟ, ಒಂದು ಹಳೆಯ ಮನೆ. ಕೆಲವು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡರು. ಆಫೀಸಿನವರ ಒಪ್ಪಿಗೆ ಪಡೆದು, ರಾತ್ರಿ ಹೊತ್ತು ಅಲ್ಲಿಂದಲೇ ಕೆಲಸ ಮಾಡುತ್ತ ಐದು ತಿಂಗಳ ಮೇಲೆ ಇದ್ದೆ. ಆಗ ನನ್ನ ಹತ್ತಿರ ಇದ್ದದ್ದು ಗ್ರೀನ್ ಕಾರ್ಡ್. ಅದನ್ನು ಇಟ್ಟುಕೊಂಡವರು ಹೊರಗೆ ಆರು ತಿಂಗಳು ಮೀರಿದರೆ ಪ್ರಶ್ನೆ ಶುರು, ವರ್ಷ ಮೀರಿದರೆ ಕಾರ್ಡಿಗೇ ಕುತ್ತು. ಮೊದಲೇ ಅನುಮತಿ ಪತ್ರ ಪಡೆದು ಹೊರಟಿದ್ದರೆ ಬೇರೆ ಮಾತು, ಅಪ್ಪ ಬೀಳುವ ದಿನ ನನಗೆ ಮೊದಲೇ ಗೊತ್ತಿರಲಿಲ್ಲವಲ್ಲ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ದಿನ ಎಣಿಸುತ್ತಿದ್ದೆ. ಅಪ್ಪ ವಾಕರ್ ಹಿಡಿದು ಜಗುಲಿಯವರೆಗೆ ಬರತೊಡಗಿದ ವಾರ ನನ್ನ ಎಣಿಕೆ 170ಕ್ಕೆ ಬಂತು. ಹೊರಟುಬಂದೆ. ಅಪ್ಪ ಆ ಪೆನ್ಸಿಲ್ ಗುರುತುಗಳನ್ನು ನೋಡಿ ಹಾಲಿನವನ ಲೆಕ್ಕ ಅಂದುಕೊಂಡಿದ್ದರು.

ಅಮೆರಿಕದ ಪೌರನಿಗೆ ಈ ಎಣಿಕೆ ಇಲ್ಲ. ಓಸಿಐ ಹಿಡಿದು ತಿಪಟೂರಿನಲ್ಲಿ ಎಷ್ಟು ವರ್ಷ ಬೇಕಾದರೂ ಕೂರಬಹುದು. ಭಾರತದಲ್ಲಿ ಭಾರತೀಯನ ಹಾಗೆ ಅಪ್ಪನ ಜೊತೆ ಇರಬೇಕಾದರೆ ನಾನು ಭಾರತೀಯನಾಗಿರುವುದನ್ನು ಬಿಡಬೇಕು. ಇದನ್ನು ಮೊದಲು ಅರ್ಥ ಮಾಡಿಕೊಂಡ ದಿನ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪೌರತ್ವದ ಅರ್ಜಿಯೂ ಅದೇ ಥರ. ಐದು ವರ್ಷದಲ್ಲಿ ದೇಶದ ಹೊರಗೆ ಕಳೆದ ಪ್ರವಾಸಗಳನ್ನೆಲ್ಲ ತಾರೀಖು ಹಾಕಿ ಕೇಳುತ್ತದೆ. ನೀನು ಕಮ್ಯುನಿಸ್ಟನಾಗಿದ್ದೆಯಾ ಎಂದೂ ಕೇಳುತ್ತದೆ. ಯಾಕೆ ಪೌರನಾಗುತ್ತೀಯಾ ಎಂದು ಮಾತ್ರ ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯ ಮಗನಾಗಿ ಕಾಣುತ್ತೇನೆ. ಆದರೆ ಲೆಕ್ಕ ಇಷ್ಟೇ ಅಲ್ಲ. ಯೂರೋಪಿಗೆ ಹೋಗುವಾಗಲೆಲ್ಲ ವೀಸಾಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ನಿಲ್ಲುವುದು ಸಾಕಾಗಿತ್ತು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಎರಡು ಸಲ ಕಾರ್ಡ್ ತಿರುಗಿಸಿದರೆ ಎದೆ ಹೊಡೆದುಕೊಳ್ಳುವುದೂ ಸಾಕಾಗಿತ್ತು. ಕಾನೂನು ಯಾವಾಗ ಯಾವ ಕಡೆ ತಿರುಗುತ್ತದೋ ಎಂಬ ಅಂಜಿಕೆ ಜಾನ್ಸ್ ಕ್ರೀಕ್‌ನ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಇದೆ. ಮಗಳು, ಮನೆ, ಕೆಲಸ ಎಲ್ಲ ಇಲ್ಲಿದೆ. ಇವುಗಳಲ್ಲಿ ಯಾವ ಕಾರಣಕ್ಕೆ ಎಷ್ಟು ತೂಕ ಎಂದು ನನ್ನನ್ನೇ ಆಡಿಟ್ ಮಾಡಿದರೆ ನಾನು ಸಹಿ ಹಾಕುವುದಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ ನಾನು ಎರಡು ಪುಸ್ತಕ ಇಟ್ಟಿದ್ದೆ. ಚಿಕ್ಕಂದಿನಲ್ಲಿ ತಿಪಟೂರಿನ ಮಂಡಿಗಳಲ್ಲಿ ಒಂದನೇ ನಂಬರ್, ಎರಡನೇ ನಂಬರ್ ಪುಸ್ತಕದ ಮಾತು ಕೇಳಿ ಬೆಳೆದವನು, ಅದರ ಮೇಲಿನ ಸಿಟ್ಟಿಗೇ ಸಿಎ ಓದಿದೆ ಎಂದು ಜಂಬ ಕೊಚ್ಚಿದವನು. ಸ್ನೇಹಿತರು ಕೇಳಿದರೆ ‘ಅಪ್ಪನಿಗೋಸ್ಕರ’ ಅಂದೆ, ಅದು ಕೇಳಲು ಚೆನ್ನಾಗಿತ್ತು. ಅಪ್ಪನಿಗೆ ‘ಆಫೀಸಿನಲ್ಲಿ ಬೇಕು ಅಂತಾರೆ’ ಅಂದೆ. ನನ್ನಿಂದ ಇವನು ದೇಶ ಬಿಟ್ಟ ಎಂದು ಅವರು ಕೊರಗದಿರಲಿ ಎಂಬುದು ನನ್ನ ಸಮಜಾಯಿಷಿ. ಶಾಂದ್ರಿ ಬಚ್ಚಿಡಲಿಲ್ಲ ಎಂದು ಅವನಿಗೆ ಸಹಿ ಹಾಕಿಕೊಟ್ಟವನ ಕಥೆ ಇದು.

ಶಾಂದ್ರಿಯ ಮುಂದಿನ ಬದುಕನ್ನೂ ಓದಿದೆ. ರೇಸು ಬಿಟ್ಟ ಮೇಲೆ ಅವನು ಬ್ರಿಟನ್ನಿನ ಕಿರಿಯ ಸವಾರರನ್ನು ತಯಾರು ಮಾಡುವ ಕೆಲಸಕ್ಕೆ ನಿಂತ. 2000ದ ದಶಕದ ನಡುವಿನಲ್ಲಿ ಬ್ರಿಟಿಷ್ ಸೈಕ್ಲಿಂಗ್ ತನ್ನ ಎಳೆಯ ಸವಾರರ ಅಕಾಡೆಮಿಯನ್ನು ಟಸ್ಕನಿಯ ಕ್ವಾರಾಟಾ ಎಂಬ ಊರಿಗೆ, ಅಂದರೆ ಶಾಂದ್ರಿಯ ಸೀಮೆಗೇ ತಂದಿತು. ಮುಂದೆ 2018ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಗೆರಾಂಟ್ ಥಾಮಸ್ ಅಲ್ಲಿದ್ದ ಹುಡುಗರಲ್ಲಿ ಒಬ್ಬ. ಒಂದು ದೇಶದ ಹೆಸರು ಹಾಕಿಕೊಂಡವನು ಆ ದೇಶದ ಮಕ್ಕಳನ್ನು ತನ್ನ ಇನ್ನೊಂದು ಊರಿಗೆ ಕರೆತಂದು ಅಲ್ಲಿನ ಬೆಟ್ಟ ಹತ್ತಿಸಿದ.

ನಮ್ಮ ಲೆಕ್ಕಶಾಸ್ತ್ರದಲ್ಲಿ ಇದಕ್ಕೊಂದು ನಿಯಮವಿದೆ. ಮಾರ್ಚ್ 31ಕ್ಕೆ ಪುಸ್ತಕ ಮುಗಿಸುತ್ತೀರಿ. ಒಬ್ಬ ಸಾಲಗಾರ ಮೇ ತಿಂಗಳಲ್ಲಿ ದಿವಾಳಿಯಾಗುತ್ತಾನೆ. ಲೆಕ್ಕಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಅವನು ದಿವಾಳಿಯಾದದ್ದು ಮೇನಲ್ಲಾದರೂ ಮಾರ್ಚ್‌ನಲ್ಲೇ ಅವನ ಕೈ ಖಾಲಿಯಿತ್ತು ಎಂದು ಅದರಿಂದ ತಿಳಿಯುತ್ತದೆ, ಹಾಗಾಗಿ ಮಾರ್ಚ್‌ನ ಪುಸ್ತಕವನ್ನೇ ತಿದ್ದಬೇಕು. ಆಮೇಲೆ ನಡೆದದ್ದು ಆಗಿನ ಸ್ಥಿತಿಗೆ ಸಾಕ್ಷಿ. ಕ್ವಾರಾಟಾವನ್ನು ಹೀಗೆ ಸಾಕ್ಷಿಯಾಗಿ ತೆಗೆದುಕೊಂಡರೆ 1995ರ ಆ ಬದಲಾವಣೆ ಬರಿಯ ಅಂಗಿಯ ವ್ಯಾಪಾರವಾಗಿರಲಿಲ್ಲ ಎನ್ನಬಹುದು. ಬಹಳ ದಿನ ಈ ಉತ್ತರವನ್ನು ಇಷ್ಟಪಟ್ಟಿದ್ದೆ. ಆಮೇಲೆ ಅದರ ಹುಳುಕು ಕಂಡಿತು. ಕಂಚು ಗೆದ್ದು ಮನೆಗೆ ಹೋಗಿ ಸುಮ್ಮನೆ ಕೂತಿದ್ದರೆ ಅವನು ಮೋಸಗಾರನಾಗಿಬಿಡುತ್ತಿದ್ದನೇ? ಅಲ್ಲದೆ ಈ ನಿಯಮ ನೋಡುವವನಿಗೆ ಅನುಕೂಲ, ಸಹಿ ಹಾಕುವವನಿಗಲ್ಲ. ಸಹಿ ಹಾಕುವ ದಿನ ಮೇ ತಿಂಗಳು ಇನ್ನೂ ಬಂದಿರುವುದಿಲ್ಲ. ಕಾರಣಗಳು ಬೆರೆತಿರುತ್ತವೆ, ಬೆರೆತಿರುವಾಗಲೇ ಸಹಿ ಹಾಕಬೇಕಾಗುತ್ತದೆ. ಬೆರೆತಿರುವುದು ಮೋಸ ಎಂದು ನನಗೆ ಈಗ ಅನಿಸುವುದಿಲ್ಲ. ಬೆರೆತದ್ದರಲ್ಲಿ ಚೆನ್ನಾಗಿ ಕಾಣುವ ಒಂದನ್ನು ಆರಿಸಿ, ಅದೇ ಪೂರ್ತಿ ಎಂದು ಒಬ್ಬೊಬ್ಬರಿಗೆ ಒಂದೊಂದು ತೋರಿಸುವುದು ಮೋಸ. ಸಹೋದ್ಯೋಗಿಯ ಜೊತೆ ನಕ್ಕದ್ದೂ ಅದರಲ್ಲೇ ಸೇರುತ್ತದೆ.

ಮಾರ್ಚ್‌ನಲ್ಲಿ ಪ್ರಮಾಣವಚನ ಆಯಿತು. ಬಲಗೈ ಎತ್ತಿ, ಇಲ್ಲಿಯವರೆಗೆ ಯಾವ ದೇಶದ ಪ್ರಜೆಯಾಗಿದ್ದೆನೋ ಅದರ ನಿಷ್ಠೆಯನ್ನೆಲ್ಲ ತೊರೆಯುತ್ತೇನೆಂದು ಹೇಳಬೇಕು. ದೊರೆ, ಅರಸು ಎಂಬ ಹಳೆಯ ಮಾತುಗಳೂ ಅದರಲ್ಲಿವೆ. ಸುತ್ತ ಹತ್ತಾರು ದೇಶದವರು. ನನ್ನ ಪಕ್ಕದ ಹೆಂಗಸು ಬಿಕ್ಕುತ್ತಿದ್ದಳು, ಸಂತೋಷಕ್ಕೋ ದುಃಖಕ್ಕೋ ಕೇಳಲಿಲ್ಲ. ಸೋಮವಾರ ಆಫೀಸಿನಲ್ಲಿ ಆ ಹಿರಿಯ ಸಹೋದ್ಯೋಗಿಗೆ ಹೇಳಿದೆ. ಅವರು ಕೈ ಕುಲುಕಿ, ಎರಡು ನಿಮಿಷ ಬಿಟ್ಟು, ಅವತ್ತು ಬಕ್‌ಹೆಡ್‌ನಲ್ಲಿ ತಾವು ಆಡಿದ ಮಾತು ನೆನಪಾಗಿ ಕೆಂಪಗಾದರು. ‘ಪರವಾಗಿಲ್ಲ, ಅವತ್ತು ನಾನೂ ನಕ್ಕಿದ್ದೆ,’ ಎಂದೆ.

ಹಳೆಯ ಪಾಸ್‌ಪೋರ್ಟು ರದ್ದಿನ ಮುದ್ರೆ ಬಿದ್ದು ವಾಪಸ್ ಬಂತು. ಓಸಿಐ ಬಂದ ಮೇಲೆ ತಿಪಟೂರಿಗೆ ಹೋದೆ. ಎರಡನೆಯ ದಿನ ಸಂಜೆ ಜಗುಲಿಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. 170 ದಿನ, ಪೆನ್ಸಿಲ್ ಗುರುತು, ಆಫೀಸಿನವರು ಕೇಳಿದ್ದರೆಂಬ ಸುಳ್ಳು.

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

‘ನನಗೋಸ್ಕರ ಅಂತ ಯಾರಿಗೂ ಹೇಳ್ಕೊಂಡು ತಿರುಗಬೇಡ ಕಣಪ್ಪ. ನಾನು ನಿನ್ನ ಕೇಳಿದ್ನಾ? ನಿನ್ನ ಲೆಕ್ಕ ನಿನ್ನ ಹೆಸರಲ್ಲೇ ಬರ್ಕೊ.’

‘ಸರಿ ಅಪ್ಪ.’

‘ತೋಟಕ್ಕೆ ಏನಾದ್ರೂ ತೊಂದರೆ ಇದೆಯಾ ಇದರಿಂದ?’

‘ಹೊಸದಾಗಿ ಜಮೀನು ಕೊಳ್ಳೋ ಹಾಗಿಲ್ಲ. ನಿಮ್ಮಿಂದ ಬಂದಿದ್ದನ್ನ ಇಟ್ಕೋಬಹುದು.’

‘ಎಷ್ಟು ದಿನ ಇರ್ತೀಯ ಈ ಸಲ?’

ಎಣಿಸಿಲ್ಲ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ವಾಕರ್ ಹತ್ತಿರಕ್ಕೆ ಎಳೆದುಕೊಂಡು ಎದ್ದರು.

‘ನಾಳೆ ಕಾಯಿ ಕೀಳೋರು ಬರ್ತಾರೆ. ಆರು ಗಂಟೆಗೇ ಬಂದ್ಬಿಡ್ತಾರೆ, ಎದ್ದಿರು. ನೀನೇ ನಿಂತು ಎಣಿಸ್ಬೇಕು.’